ಗಾಯ ಮಾಯೋಕೆ ಗಂಜಿ ಸಾಲಲ್ಲ

124 ಕೆ.ಜಿ.ಯಿಂದ 69ಕ್ಕೆ ಇಳಿದಾಗ ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗಳು ನಿಂತವು. ಮಂಡಿ ನೋವು ಹೋಯಿತು. ಶಾಲೆಯ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತತೊಡಗಿದೆ. ಹೊಟ್ಟೆಯ ಚರ್ಮ ಮಾತ್ರ ಕುಗ್ಗಲಿಲ್ಲ. ತೊಡೆಯ ಮೇಲಿನವರೆಗೂ ಜೋತು ಬಿದ್ದಿತ್ತು.

ಸ್ಲೀವ್ ಆಪರೇಷನ್ ಮಾಡಿಸಿಕೊಂಡವರಿಗೆ ಇದು ಗೊತ್ತಿರುತ್ತದೆ. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಬಿಡುತ್ತಾರೆ, ಊಟ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ. ಆದರೆ ವರ್ಷಗಟ್ಟಲೆ ಹಿಗ್ಗಿದ ಚರ್ಮದ ಒಳಗಿನ ಎಳೆಗಳು ಹರಿದಿರುತ್ತವೆ. ವಾಕಿಂಗ್, ಯೋಗ, ಎಣ್ಣೆ ತಿಕ್ಕುವುದು ಯಾವುದರಿಂದಲೂ ಅವು ಮತ್ತೆ ಬಿಗಿಯಾಗಲ್ಲ. ಬೇಸಿಗೆಯಲ್ಲಿ ಆ ಮಡಿಕೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತಿತ್ತು. ಆಮೇಲೆ ಸುಲಿದು ರಸ ಬರುತ್ತಿತ್ತು, ವಾಸನೆಯೂ ಬರುತ್ತಿತ್ತು. ಫಂಗಸ್‌ಗೆ ಹಚ್ಚುವ ಮುಲಾಮು ತೀರುವ ಮೊದಲೇ ಇನ್ನೊಂದು ಟ್ಯೂಬ್ ತರಬೇಕಿತ್ತು. ಹಳೆಯ ಹತ್ತಿ ಸೀರೆ ಹರಿದು ಮಡಿಕೆಯೊಳಗೆ ಇಟ್ಟುಕೊಂಡು ಪಾಠ ಮಾಡಲು ಹೋಗುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಟ್ಟೆ ಬದಲಿಸುತ್ತಿದ್ದೆ. ಹೀಗೆ ಜೋತುಬಿದ್ದ ಚರ್ಮ ತೆಗೆಸುವುದನ್ನು ಶೋಕಿ ಆಪರೇಷನ್ ಅನ್ನುವವರು ಒಂದು ಬೇಸಿಗೆ ಹೀಗೆ ಕಳೆದಿದ್ದರೆ ಆ ಮಾತು ಆಡುತ್ತಿರಲಿಲ್ಲ.

ಇನ್ಶೂರೆನ್ಸ್‌ನವರು ಸ್ಲೀವ್‌ಗೆ ದುಡ್ಡು ಕೊಟ್ಟರು. ಚರ್ಮದ ಆಪರೇಷನ್ನು ಅಂದಕ್ಕಾಗಿ ಮಾಡಿಸುವಂಥದ್ದು ಎಂದು ತಳ್ಳಿಹಾಕಿದರು. ನಿಮಗೂ ಈ ದಾರಿ ಇದ್ದರೆ ಒಂದು ಮಾತು. ನಮ್ಮ ಪಾಲಿಸಿಗಳಲ್ಲಿ ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುವ ಷರತ್ತಿನಲ್ಲೇ ಒಂದು ವಿನಾಯಿತಿಯೂ ಇದೆ. ಆರೋಗ್ಯಕ್ಕೆ ನೇರ ಅಪಾಯ ಇದೆ, ಅದಕ್ಕೇ ಈ ಚಿಕಿತ್ಸೆ ಬೇಕು ಎಂದು ವೈದ್ಯರು ಬರೆದುಕೊಟ್ಟರೆ ಪರಿಶೀಲಿಸಬೇಕು. ಚರ್ಮದ ವೈದ್ಯರ ಚೀಟಿಗಳು, ಹುಣ್ಣಿನ ಫೋಟೋಗಳು ಎಲ್ಲವನ್ನೂ ಮೊದಲ ದಿನದಿಂದ ಕೂಡಿಟ್ಟುಕೊಳ್ಳಿ. ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ. ನನಗಂತೂ ಸಿಗಲಿಲ್ಲ.

ಬೆಂಗಳೂರಿನ ಪ್ಲಾಸ್ಟಿಕ್ ಸರ್ಜನ್ ಮೊದಲ ಭೇಟಿಯಲ್ಲೇ ನಾಲ್ಕೈದು ಪ್ರಶ್ನೆ ಕೇಳಿದರು. ತೂಕ ಒಂದೇ ಕಡೆ ನಿಂತು ಆರು ತಿಂಗಳಾಯಿತಾ? ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಾರಾ? ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಲಿದ ಚರ್ಮಕ್ಕೆ ರಕ್ತ ಸಿಗದೆ ಅದು ಕಪ್ಪಾಗಿ ಸತ್ತುಹೋಗಬಹುದು ಅಂದರು. ಸೇದುವವರಾದರೆ ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲೇ ಪೂರ್ತಿ ಬಿಡಬೇಕಂತೆ. ಆಮೇಲೆ ರಕ್ತ ಪರೀಕ್ಷೆಯ ದೊಡ್ಡ ಪಟ್ಟಿ ಬಂತು: ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ಜಿಂಕ್.

ನನ್ನ ಹಿಮೋಗ್ಲೋಬಿನ್ 9.6 ಇತ್ತು. ಫೆರಿಟಿನ್ ತಳ ಕಂಡಿತ್ತು. ಜಠರ ಸಣ್ಣದಾದವರಿಗೆ ಊಟದಲ್ಲಿನ ಕಬ್ಬಿಣ, ಬಿ12 ಸರಿಯಾಗಿ ಸೇರುವುದಿಲ್ಲ. ಮೇಲಿಂದ ಊಟವೂ ಕಡಿಮೆ. ಡಾಕ್ಟ್ರು ತಾರೀಕು ಮುಂದಕ್ಕೆ ಹಾಕಿದರು. ಆ ದಿನ ನನಗೆ ಅಳು ಬಂತು. ರಜೆ ಮಂಜೂರಾಗಿತ್ತು, ತಂಗಿ ಬರುವುದು ಗೊತ್ತಾಗಿತ್ತು. ಈಗ ನೋಡಿದರೆ ಅವರು ಮಾಡಿದ ದೊಡ್ಡ ಉಪಕಾರ ಅದೇ. ಕಬ್ಬಿಣದ ಡ್ರಿಪ್ ಹಾಕಿಸಿಕೊಂಡೆ, ಬಿ12 ಇಂಜೆಕ್ಷನ್ ತಗೊಂಡೆ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆ ಜೊತೆಗಾಗಲಿ ತಗೊಳ್ಳಬಾರದು ಎಂದು ಡಯಟಿಷಿಯನ್ ಹೇಳಿಕೊಟ್ಟರು. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 12ರ ಹತ್ತಿರ ಬಂತು. ಆಗ ಆಪರೇಷನ್ ಆಯಿತು.

ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾನು ಮಲಗಿದ್ದೆ ಅಷ್ಟೇ. ಹೊಟ್ಟೆಯ ಕೆಳಗೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಅಡ್ಡ ಹೊಲಿಗೆ, ಎದೆಯ ಕೆಳಗಿನಿಂದ ಕೆಳಕ್ಕೆ ಇಳಿಯುವ ಉದ್ದ ಹೊಲಿಗೆ. ಎರಡೂ ಕೆಳಗೆ ಒಂದು ಕಡೆ ಸೇರುತ್ತವೆ. ಆ ಸೇರುವ ಜಾಗದ ವಿಷಯ ಮುಂದೆ ಬರುತ್ತದೆ.

ಎಚ್ಚರವಾದಾಗ ಹಾಸಿಗೆಯ ತಲೆಭಾಗ ಎತ್ತಿತ್ತು, ಮಂಡಿ ಕೆಳಗೆ ದಿಂಬುಗಳಿದ್ದವು. ನೆಟ್ಟಗೆ ಮಲಗಿದರೆ ಹೊಲಿಗೆ ಜಗ್ಗುತ್ತದೆ. ಹಾಗಾಗಿ ಮೊದಲ ಒಂದೆರಡು ವಾರ ಮಡಚಿಕೊಂಡೇ ಮಲಗಬೇಕು, ಬೆನ್ನು ಬಗ್ಗಿಸಿಕೊಂಡೇ ನಡೆಯಬೇಕು. ನಡೆಯದೆ ಇರುವಂತಿಲ್ಲ. ಅದೇ ದಿನ ಸಂಜೆ ನರ್ಸ್ ಎಬ್ಬಿಸಿ ಬಾಗಿಲವರೆಗೆ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಈ ಆಪರೇಷನ್‌ಗಳಲ್ಲಿ ಡಾಕ್ಟರುಗಳು ಜಾಸ್ತಿ ಹೆದರುವುದು ಅದಕ್ಕೇ. ಬಿಗಿ ಸಾಕ್ಸ್, ರಕ್ತ ತೆಳುವಾಗಿಸುವ ಇಂಜೆಕ್ಷನ್, ಗಂಟೆಗೊಮ್ಮೆ ಪಾದ ಆಡಿಸುವುದು ಎಲ್ಲ ಅದಕ್ಕಾಗಿ. ಆ ಇಂಜೆಕ್ಷನ್ನು ಸಾಮಾನ್ಯವಾಗಿ ಹೊಟ್ಟೆಗೆ ಕೊಡುತ್ತಾರೆ, ನನಗೆ ಹೊಟ್ಟೆಯೇ ಗಾಯ, ಹಾಗಾಗಿ ತೊಡೆಗೆ. ಮನೆಯಲ್ಲಿ ತಂಗಿ ಕೊಡುತ್ತಿದ್ದಳು. ಒಂದೇ ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ ಎಂದು ಬರೆದುಕೊಟ್ಟಿದ್ದರು. ಆ ಚೀಟಿ ನಮ್ಮ ಫ್ರಿಜ್ ಮೇಲೆ ಅಂಟಿಸಿತ್ತು.

ತುಮಕೂರಿಗೆ ಕಾರಿನಲ್ಲಿ ವಾಪಸ್ ಬರುವಾಗ ಹೊಟ್ಟೆಗೂ ಸೀಟ್ ಬೆಲ್ಟಿಗೂ ಮಧ್ಯೆ ಮೆತ್ತನೆಯ ದಿಂಬು ಇಟ್ಟುಕೊಂಡಿದ್ದೆ. ನೆಲಮಂಗಲ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ನಡೆದೆ. ರಸ್ತೆ ಉಬ್ಬು ಬಂದಾಗೆಲ್ಲ ನಮ್ಮ ಯಜಮಾನರು ಉಸಿರು ಬಿಗಿಹಿಡಿದು ನಿಧಾನಕ್ಕೆ ದಾಟಿಸುತ್ತಿದ್ದರು. ಮನೆಯಲ್ಲಿ ನೆಲದ ಕಕ್ಕಸು. ಕುಕ್ಕರಗಾಲಲ್ಲಿ ಕೂರುವುದು ಆಗದ ಮಾತು. ಮೊದಲೇ ಕಮೋಡ್ ಕುರ್ಚಿ ತರಿಸಿಟ್ಟಿದ್ದು ಒಳ್ಳೆಯದಾಯಿತು. ಕೆಲವು ನೋವಿನ ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ, ತಿಣುಕಿದರೆ ಹೊಲಿಗೆಗೆ ಪೆಟ್ಟು. ರಾತ್ರಿ ಇಸಬ್‌ಗೋಲ್, ಬೆಳಿಗ್ಗೆ ಪಪ್ಪಾಯಿ. ಇದನ್ನು ಹೇಳಿಕೊಳ್ಳಲು ಯಾರಿಗೂ ಇಷ್ಟವಿರಲ್ಲ, ಆದರೆ ಮೊದಲ ವಾರದ ಅರ್ಧ ಸಂಕಟ ಇದೇ.

ಎರಡು ಡ್ರೈನ್ ಇದ್ದವು. ಚರ್ಮದ ಕೆಳಗಿನಿಂದ ಹೊರಬರುವ ಸಣ್ಣ ಪೈಪು, ಅದರ ತುದಿಗೆ ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ಡಬ್ಬಿ. ಗಾಳಿ ತೆಗೆದು ಮುಚ್ಚಳ ಹಾಕಿದರೆ ಅದೇ ನಿಧಾನಕ್ಕೆ ಒಳಗಿನ ನೀರು ಎಳೆದುಕೊಳ್ಳುತ್ತದೆ. ತಂಗಿ ಸೋಪು ಹಾಕಿ ಕೈ ತೊಳೆದುಕೊಂಡು ಕೂರುತ್ತಿದ್ದಳು. ಎಡಗೈ ಬೆರಳಿನಿಂದ ಪೈಪನ್ನು ಚರ್ಮದ ಹತ್ತಿರ ಅಲುಗಾಡದ ಹಾಗೆ ಹಿಡಿಯುತ್ತಿದ್ದಳು. ಬಲಗೈಯಿಂದ ಪೈಪನ್ನು ಕೆಳಕ್ಕೆ ಹಿಂಡುತ್ತಾ ಬರುತ್ತಿದ್ದಳು, ಒಳಗೆ ಹೆಪ್ಪು ಕಟ್ಟಿಕೊಳ್ಳದಿರಲಿ ಎಂದು. ಆಮೇಲೆ ಅಳತೆ ಲೋಟಕ್ಕೆ ಸುರಿದು ಎಷ್ಟು ಮಿ.ಲೀ., ಯಾವ ಬಣ್ಣ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಎಡದ್ದು, ಬಲದ್ದು ಬೇರೆ ಬೇರೆ. ಮೊದಲು ಕೆಂಪು, ಆಮೇಲೆ ತಿಳಿಗೆಂಪು, ಕೊನೆಗೆ ಹಳದಿ ನೀರು. 24 ಗಂಟೆಯಲ್ಲಿ 30 ಮಿ.ಲೀ.ಗಿಂತ ಕಡಿಮೆ ಬರತೊಡಗಿದ ಮೇಲೆ ತೆಗೆದರು. ಬೇಗ ತೆಗೆದರೆ ನೀರು ಒಳಗೇ ನಿಂತು ಊದಿಕೊಳ್ಳುತ್ತದೆ, ಸಿರಿಂಜಿನಿಂದ ತೆಗೆಯಬೇಕಾಗುತ್ತದೆ. ಪೈಪನ್ನು ನೈಟಿಗೆ ಸುಮ್ನೆ ನೇತುಬಿಡಬಾರದು. ಒಳಲಂಗದ ಬಟ್ಟೆಯಿಂದ ತಂಗಿ ಎರಡು ಜೇಬಿನ ಒಂದು ಪಟ್ಟಿ ಹೊಲಿದು ಸೊಂಟಕ್ಕೆ ಕಟ್ಟಿದ್ದಳು. ಡಬ್ಬಿಗಳು ಅದರಲ್ಲಿ ಕೂರುತ್ತಿದ್ದವು.

ಈಗ ಊಟದ ವಿಷಯ. ನಾನು ಇದನ್ನು ಬರೆಯಲು ಕೂತಿದ್ದೇ ಇದಕ್ಕಾಗಿ.

ಊರಿನಿಂದ ಅಮ್ಮ ಬಂದಳು. ಬಾಣಂತನಕ್ಕೆ ಬಂದಷ್ಟೇ ತಯಾರಿ. ಬಂದವಳೇ ಅಡುಗೆಮನೆಗೆ ಹೋಗಿ ಮೊಟ್ಟೆ ಟ್ರೇ ನೋಡಿ ಗಾಬರಿಯಾದಳು. "ಹೊಲಿಗೆ ಹಾಕಿರೋಳಿಗೆ ಮೊಟ್ಟೆ ಕೊಡ್ತೀರೇನೇ? ನಂಜು ಕಣೇ. ಗಾಯ ಕೀವು ಕಟ್ಕೊಳ್ಳುತ್ತೆ." ಮೊಟ್ಟೆ, ಕೋಳಿ, ಮೀನು, ಬದನೆಕಾಯಿ, ಕಡಲೆಕಾಯಿ, ಬೇಳೆ ಎಲ್ಲ ಬೇಡ. ಮೆತ್ತಗಿನ ಅನ್ನ, ಮೆಣಸಿನ ತಿಳಿಸಾರು, ಗಂಜಿ, ಬ್ರೆಡ್ಡು ಸಾಕು. ನಮ್ಮ ಕಡೆ ಯಾರಿಗೆ ಆಪರೇಷನ್ ಆದರೂ ಇದೇ ಪಥ್ಯ. ಪಕ್ಕದ ಮನೆಯವರು, ಶಾಲೆಯ ಸಹೋದ್ಯೋಗಿಗಳು, ನೋಡಲು ಬಂದ ಎಲ್ಲರೂ ಹೌದು ಹೌದು ಎಂದರು.

ಅಮ್ಮನ ಕಾಳಜಿಯಲ್ಲಿ ಲೋಪವಿಲ್ಲ. ಆದರೆ ಹೊಸ ಚರ್ಮ ಕಟ್ಟಲು ದೇಹಕ್ಕೆ ಬೇಕಾಗಿರುವುದು ಪ್ರೋಟೀನ್. ಗಾಯ ಕೂಡಿಸುವ ಕೊಲಾಜೆನ್ ಕೂಡ ಪ್ರೋಟೀನೇ. ಬದನೆಕಾಯಿ ಒಂದು ಬಿಟ್ಟರೆ ಪಥ್ಯದಲ್ಲಿ ನಾವು ತೆಗೆದು ಹಾಕುವುದೆಲ್ಲ ಪ್ರೋಟೀನ್ ಇರುವ ಪದಾರ್ಥಗಳನ್ನೇ! ಕೀವು ಆಗುವುದು ರೋಗಾಣುಗಳಿಂದ, ಮೊಟ್ಟೆಯಿಂದಲ್ಲ. ಅಲರ್ಜಿ ಇದ್ದವರ ಮಾತು ಬೇರೆ. ಜಠರ ದೊಡ್ಡದಿರುವವರು ಗಂಜಿ ಜೊತೆ ಬೇರೇನಾದರೂ ತಿಂದು ಹೇಗೋ ಸುಧಾರಿಸಿಕೊಳ್ಳಬಹುದು. ನನ್ನಂಥವರಿಗೆ ಒಂದು ಹೊತ್ತಿಗೆ ಹಿಡಿಸುವುದೇ ಒಂದು ಸಣ್ಣ ಬಟ್ಟಲು. ಅದನ್ನು ಗಂಜಿಯಿಂದ ತುಂಬಿಸಿದರೆ ಆ ಹೊತ್ತಿನ ಅವಕಾಶ ಮುಗಿಯಿತು.

ಡಯಟಿಷಿಯನ್ ನನಗೆ ಹೇಳಿದ್ದು ದಿನಕ್ಕೆ 80 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. 100 ಗ್ರಾಂ ಪನೀರಿನಲ್ಲಿ ಸುಮಾರು 18. ಬೆಂದ ಅನ್ನ 100 ಗ್ರಾಂ ತಿಂದರೆ ಮೂರೂ ಇಲ್ಲ. ತಿಳಿಸಾರಿನಲ್ಲಿ ಬೇಳೆ ಎಲ್ಲ ತಳದಲ್ಲಿ ಉಳಿದಿರುತ್ತದೆ. ತಂಗಿ ಇದನ್ನೆಲ್ಲ ಡ್ರೈನ್ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಅಮ್ಮನ ಮುಂದೆ ಓದಿದಳು. ಅಮ್ಮ ಒಪ್ಪಲಿಲ್ಲ. ಕೊನೆಗೆ ಡಯಟಿಷಿಯನ್‌ಗೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆವು. ಆಕೆ ಹಾಸನದ ಕಡೆಯವರು, ನಿಧಾನಕ್ಕೆ ಮಾತಾಡಿದರು. "ಅಮ್ಮ, ನಿಮ್ಮ ಕಾಲದಲ್ಲಿ ಗಾಯಕ್ಕೆ ಔಷಧಿ ಇರಲಿಲ್ಲ, ಹೆದರಿಕೆ ಇತ್ತು. ಈಗ ಔಷಧಿ ಇದೆ. ಗೋಡೆ ಬಿದ್ದಿದೆ, ಇಟ್ಟಿಗೆ ಬೇಡ ಬರೀ ನೀರು ಹಾಕಿ ಕಟ್ಟು ಅಂದರೆ ಮೇಸ್ತ್ರಿ ಏನು ಮಾಡ್ತಾನೆ ಹೇಳಿ?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುರುಳಿಕಾಳು ಕೊಡಬಹುದಾ?" ಅಂದಳು. ಕೊಡಬಹುದು ಅಂದರು. ಅಲ್ಲಿಂದ ದಾರಿ ತೆರೆಯಿತು. ಹುರುಳಿಯಿಂದ ಗಟ್ಟಿ ತೊವ್ವೆಗೆ, ತೊವ್ವೆಯಿಂದ ಮೊಟ್ಟೆಯ ಬಿಳಿಗೆ, ಆಮೇಲೆ ಪೂರ್ತಿ ಮೊಟ್ಟೆಗೆ. ಹೊಲಿಗೆ ಚೆನ್ನಾಗಿದೆ ಎಂದು ಡಾಕ್ಟ್ರು ಹೇಳಿದ ವಾರ ಅಮ್ಮನೇ ನಾಟಿಕೋಳಿ ತರಿಸಿದಳು.

ನನ್ನ ಊಟ ಹೀಗೆ ನಡೆಯಿತು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ. ಹನ್ನೊಂದಕ್ಕೆ ನೀರಿನಲ್ಲಿ ಕಲಸಿದ ವೇ ಪ್ರೋಟೀನ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ಮಧ್ಯಾಹ್ನ ಗಟ್ಟಿ ಬೇಳೆ, ಪನೀರ್, ಜಾಗ ಉಳಿದರೆ ಒಂದು ತುತ್ತು ಮುದ್ದೆ. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಮತ್ತು ಸೀಬೆಹಣ್ಣು. ವಿಟಮಿನ್ ಸಿ ಗಾಯಕ್ಕೆ ಬೇಕು, ಸೀಬೆಯಲ್ಲಿ ಕಿತ್ತಳೆಗಿಂತ ಜಾಸ್ತಿ ಇರುತ್ತದೆ. ರಾತ್ರಿ ಕೋಳಿ ಅಥವಾ ಮೊಸರು. ತಟ್ಟೆಯಲ್ಲಿ ಏನೇ ಇದ್ದರೂ ಮೊದಲು ಪ್ರೋಟೀನ್, ಆಮೇಲೆ ಉಳಿದದ್ದು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ.

ಹೊರಗಿನವರ ಮಾತಿಗಿಂತ ದೊಡ್ಡ ಅಡ್ಡಿ ನನ್ನೊಳಗೇ ಇತ್ತು. ಐವತ್ತೈದು ಕೆ.ಜಿ. ಕಳೆದವರಿಗೆ ಒಂದು ತುತ್ತು ಜಾಸ್ತಿ ತಿನ್ನುವುದೆಂದರೆ ಭಯ. ತೂಕದ ಮೆಷಿನ್ ಮೇಲೆ ನಿಂತರೆ ಆಪರೇಷನ್‌ಗಿಂತ ಮೊದಲಿಗಿಂತ ಜಾಸ್ತಿ ತೋರಿಸುತ್ತಿತ್ತು. ಚರ್ಮ, ಕೊಬ್ಬು ಸೇರಿ 4 ಕೆ.ಜಿ. ಹತ್ತಿರ ತೆಗೆದಿದ್ದಾರೆ, ಆದರೂ ಜಾಸ್ತಿ! ಅದು ಊತ. ಗಾಯದ ಸುತ್ತ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಹೊತ್ತಿಗೆ ಇನ್ನೂ ಹೆಚ್ಚು. ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಇದು ಗೊತ್ತಿದ್ದರೂ ಕಣ್ಣಿಗೆ ಆ ಅಂಕಿ ಬಿದ್ದಾಗ ಕೈ ತಟ್ಟೆಯಿಂದ ಹಿಂದೆ ಸರಿಯುತ್ತಿತ್ತು. ನಮ್ಮ ಯಜಮಾನರು ಮೆಷಿನ್ನನ್ನು ಅಟ್ಟಕ್ಕೆ ಹಾಕಿದರು. ಗಾಯ ಮಾಯುವ ಕಾಲ ಡಯಟ್ ಮಾಡುವ ಕಾಲವಲ್ಲ. ಈ ಮಾತನ್ನು ತೂಕ ಇಳಿಸಿದ ಪ್ರತಿಯೊಬ್ಬರಿಗೂ ಕೈ ಹಿಡಿದು ಹೇಳಬೇಕು ಅನ್ನಿಸುತ್ತದೆ.

ಹೊಟ್ಟೆಗೆ ಬಿಗಿಯುವ ಬೆಲ್ಟನ್ನು ಆರು ವಾರ ಹಾಕಿದ್ದೆ. ಊತ ಕಡಿಮೆ ಮಾಡುತ್ತದೆ, ನಡೆಯಲು ಧೈರ್ಯ ಕೊಡುತ್ತದೆ. ಆದರೆ ಸ್ಲೀವ್ ಆದವರಿಗೆ ಅತಿ ಬಿಗಿದರೆ ಹುಳಿ ತೇಗು, ಎದೆ ಉರಿ. ಊಟಕ್ಕೆ ಕೂರುವಾಗ ಮೇಲಿನ ಪಟ್ಟಿ ಸ್ವಲ್ಪ ಸಡಿಲ ಮಾಡಿಕೊಳ್ಳಲು ಡಾಕ್ಟ್ರೇ ಹೇಳಿದರು. ನೋವಿನ ಮಾತ್ರೆ ವಿಷಯದಲ್ಲೂ ಎಚ್ಚರ ಬೇಕು. ತೂಕ ಇಳಿಸಲು ಜಠರದ ಬೈಪಾಸ್ ಮಾಡಿಸಿಕೊಂಡವರು ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ತಗೊಂಡರೆ ಹುಣ್ಣಾಗುವ ಅಪಾಯವಿದೆ. ಯಾವ ಡಾಕ್ಟರ ಹತ್ತಿರ ಹೋದರೂ ಹೊಟ್ಟೆಯ ಹಳೆಯ ಆಪರೇಷನ್ ವಿಷಯ ಮೊದಲೇ ಹೇಳಿ.

ಮೂರನೇ ವಾರದಲ್ಲಿ, ಎರಡು ಹೊಲಿಗೆ ಸೇರುತ್ತವೆ ಅಂದೆನಲ್ಲ, ಆ ಜಾಗ ಬಿಟ್ಟುಕೊಂಡಿತು. ಬೆಳಿಗ್ಗೆ ಡ್ರೆಸ್ಸಿಂಗ್ ತೆಗೆದಾಗ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಒಳಗೆ ಹಳದಿ ಬಣ್ಣ. ಅಮ್ಮನ ಮುಖ ನೋಡಲಾಗಲಿಲ್ಲ. ಮೊಟ್ಟೆಯಿಂದಲೇ ಆಯ್ತು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಫೋಟೋ ಕಳಿಸಿದೆವು, ಅವತ್ತೇ ಬರಲು ಹೇಳಿದರು. ಡಾಕ್ಟ್ರು ನೋಡಿ, ಮೂರು ಕಡೆಯಿಂದ ಚರ್ಮ ಎಳೆಯುವ ಜಾಗ ಇದು, ರಕ್ತ ಸಾಲದೆ ಹೀಗಾಗುವುದುಂಟು, ಅದರಲ್ಲೂ ತುಂಬಾ ತೂಕ ಇಳಿಸಿದವರಲ್ಲಿ ಜಾಸ್ತಿ ಅಂದರು. ಹಳದಿ ಕಂಡಿದ್ದು ಕೀವಲ್ಲ, ಸತ್ತ ಪದರ. ಅದನ್ನು ಸ್ವಚ್ಛ ಮಾಡಿದರು. ಮತ್ತೆ ಹೊಲಿಯಲಿಲ್ಲ, ತಳದಿಂದ ತಾನೇ ತುಂಬಿ ಬರಲಿ ಎಂದು ಬಿಟ್ಟರು. ಸಲೈನ್‌ನಿಂದ ತೊಳೆದು ದಿನಾ ಡ್ರೆಸ್ಸಿಂಗ್. ಅರಿಶಿನದ ಪುಡಿ ತುಂಬಿ ಎಂದು ಒಬ್ಬರು, ಬೇವಿನೆಣ್ಣೆ ಎಂದು ಇನ್ನೊಬ್ಬರು ಸಲಹೆ ಕೊಟ್ಟರು. ಏನೂ ಹಾಕಲಿಲ್ಲ. 100.4 ಡಿಗ್ರಿ ದಾಟಿದ ಜ್ವರ, ಸುತ್ತ ಹರಡುವ ಕೆಂಪು, ಕೆಟ್ಟ ವಾಸನೆ, ಇವು ಬಂದರೆ ತಕ್ಷಣ ಬರಬೇಕು ಅಂದಿದ್ದರು. ಬರಲಿಲ್ಲ. ದಿನ ಕಳೆದಂತೆ ಒಳಗೆ ದಾಳಿಂಬೆ ಬಣ್ಣದ ಹೊಸ ಮಾಂಸ ಕಾಣಿಸಿತು. ಅಂಚಿನಿಂದ ತೆಳ್ಳನೆಯ ಚರ್ಮ ಒಳಕ್ಕೆ ಹರಿದು ಬಂತು. ಅಮ್ಮ ದಿನಾ ಬಗ್ಗಿ ನೋಡುತ್ತಿದ್ದಳು. ಅದು ಮುಚ್ಚಿಕೊಳ್ಳುವ ಹೊತ್ತಿಗೆ "ಇವತ್ತು ಎಷ್ಟು ಗ್ರಾಂ ಆಯ್ತೇ?" ಎಂದು ಕೇಳುತ್ತಿದ್ದವಳು ಅವಳೇ.

ಇನ್ನೆರಡು ವಿಷಯ, ನಮ್ಮ ಮನೆಗಳಲ್ಲಿ ಮುಖ್ಯವಾದವು. ಹೊಟ್ಟೆಯ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶ ತಿಳಿಯುವುದಿಲ್ಲ, ಕೆಲವು ಕಡೆ ಮರಳಿ ಬರದೆಯೂ ಇರಬಹುದು. ಬೆನ್ನು ನೋವು, ಹೊಟ್ಟೆ ನೋವು ಎಂದು ಬಿಸಿನೀರಿನ ಚೀಲ ಇಡುವ ಅಭ್ಯಾಸ ನಮಗಿದೆ. ಆ ಜಾಗದ ಮೇಲೆ ಅದನ್ನು ಇಡಲೇಬಾರದು. ಚರ್ಮ ಸುಡುತ್ತಿದ್ದರೂ ಗೊತ್ತಾಗದೆ ಬೊಕ್ಕೆ ಬರುತ್ತದೆ. ಇನ್ನೊಂದು ಲಂಗದ ಲಾಡಿ. ಅಡ್ಡ ಗಾಯದ ಹತ್ತಿರವೇ ಲಾಡಿ ಬಿಗಿಯುತ್ತದೆ, ಉಜ್ಜುತ್ತದೆ. ಶಾಲೆಗೆ ಸೀರೆಯೇ ಉಡಬೇಕೆಂಬ ರೂಢಿ ಇದ್ದರೂ ಹೆಡ್‌ಮಾಸ್ಟರಿಗೆ ಹೇಳಿ ಮೂರು ತಿಂಗಳು ಸಡಿಲ ಚೂಡಿದಾರಿನಲ್ಲೇ ಹೋದೆ. ಈಗ ಲಾಡಿ ಬದಲು ಅಗಲ ಎಲಾಸ್ಟಿಕ್ ಹಾಕಿಸಿಕೊಂಡಿದ್ದೇನೆ. ಆರು ವಾರ ಬಿಂದಿಗೆ ಎತ್ತಲಿಲ್ಲ, ಗ್ಯಾಸ್ ಸಿಲಿಂಡರ್ ಜರುಗಿಸಲಿಲ್ಲ, ತಂಗಿಯ ಮಗುವನ್ನೂ ಎತ್ತಿಕೊಳ್ಳಲಿಲ್ಲ. ಮಗು ಕೈ ಚಾಚಿದಾಗ ಕಷ್ಟವಾಗುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ.

ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಲು ಶುರು ಮಾಡಿದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಲೆ ಉಬ್ಬುವುದು, ಕಪ್ಪಾಗುವುದು ಜಾಸ್ತಿ. ಕಲೆ ತಿಳಿಯಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ನನ್ನದು ಅಡ್ಡ ಗೆರೆ ತೆಳ್ಳಗಾಗಿದೆ, ಬಿಟ್ಟುಕೊಂಡಿದ್ದ ಜಾಗ ಮಾತ್ರ ಅಗಲವಾಗಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಕಳೆದ ಬೇಸಿಗೆಯಲ್ಲಿ ಫಂಗಸ್ ಮುಲಾಮಿನ ಒಂದು ಟ್ಯೂಬೂ ಮನೆಗೆ ಬರಲಿಲ್ಲ.

ತೋಳಿನ ಚರ್ಮವೂ ಜೋತು ಬಿದ್ದಿದೆ, ಅದನ್ನೂ ಮಾಡಿಸಬೇಕು ಅಂತಿದೆ. ಹೋದ ತಿಂಗಳು ಪರೀಕ್ಷೆ ಮಾಡಿಸಿದಾಗ ಫೆರಿಟಿನ್ ಮತ್ತೆ ಇಳಿದಿತ್ತು. ಅದು ಏರುವವರೆಗೆ ತಾರೀಕು ಕೇಳಲೇ ಬೇಡಿ ಅಂದರು ಡಾಕ್ಟ್ರು. ನಾನೂ ಕೇಳಿಲ್ಲ. ಡ್ರಿಪ್‌ಗೆ ಶನಿವಾರ ಬರಲು ಹೇಳಿದ್ದಾರೆ.